ಫ್ರಿಜ್ಜು ಕೆಟ್ಟರೆ ಇಡಿಯಾಗಿ ಕಳಿಸಿ, ಒಡೆದು ಕಳಿಸಬೇಡಿ

ಹೋದ ಸಲ ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೆದಿದ್ದೆ. ಈ ಸಲ ತೋಟ ಬಿಟ್ಟು ಅಡುಗೆಮನೆಗೆ ಬಂದಿದೀನಿ. ಇದೇನಪ್ಪ ಇವನು ಫ್ರಿಜ್ಜಿನ ಬಗ್ಗೆ ಬರೀತಾನೆ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ನಿಮ್ಮ ಕೊಟ್ಟಿಗೆ ಪಕ್ಕ, ಬದುವಿನ ಮೇಲೆ, ಕೊಬ್ಬರಿ ಅಟ್ಟದ ಕೆಳಗೆ ಒಂದು ಸಲ ಕಣ್ಣಾಡಿಸಿ. ಹಳೇ ಫ್ರಿಜ್ಜು ಒಂದಾದ್ರೂ ಬಿದ್ದಿರುತ್ತೆ.

ನಮ್ಮ ತಿಪಟೂರು ಕಡೆ ನಾನು ಹುಡುಗನಾಗಿದ್ದಾಗ ಫ್ರಿಜ್ಜು ಅಂದ್ರೆ ಪೇಟೆಯ ಸೋಡಾ ಅಂಗಡಿಯಲ್ಲಿ, ಡಾಕ್ಟರ ಶಾಪಿನಲ್ಲಿ ನೋಡಬೇಕಿತ್ತು. ಈಗ ಎರಡು ಎಕರೆ ಇರೋರ ಮನೆಯಲ್ಲೂ ಇದೆ. ಮಗಳ ಮದುವೆಗೆ ಕೊಟ್ಟಿದ್ದು, ಮಗ ಬೆಂಗಳೂರಿಂದ ಕಳಿಸಿದ್ದು, ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ಬಂದಿದ್ದು ಒಳ್ಳೇದೇ. ಹಾಲು ಮೊಸರು ಕೆಡಲ್ಲ, ಹಿತಕಿದ ಅವರೆಬೇಳೆ ಎರಡು ತಿಂಗಳು ಇಟ್ಕೋಬಹುದು, ಹೊಸತೊಡಕಿನ ಮಾಂಸ ಮಿಕ್ಕಿದ್ರೆ ಚೆಲ್ಲೋ ಹಾಗಿಲ್ಲ. ಆದ್ರೆ ಬಂದ ಫ್ರಿಜ್ಜೆಲ್ಲ ಹತ್ತು ಹದಿನೈದು ವರ್ಷಕ್ಕೆ ಒಂದಿನ ಕೆಡಲೇಬೇಕು. ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ನಾವು ಯಾರೂ ಯೋಚನೆ ಮಾಡಿಲ್ಲ. ಅದಕ್ಕೇ ಈ ಬರಹ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಫ್ರಿಜ್ಜು ಅಂದ್ರೆ ತಣ್ಣಗಿರೋ ಬೀರು ಅಲ್ಲ. ಅದರೊಳಗೆ ಗ್ಯಾಸ್ ತುಂಬಿದ ಪೈಪು ಇದೆ. ಆ ಪೈಪು ಮನೆಗೆ ಬಂದ ದಿನದಿಂದ ಮನೆ ಬಿಟ್ಟು ಹೋಗೋ ದಿನದವರೆಗೂ ತೂತಾಗಬಾರದು. ಐಸ್ ಕರಗಿಸುವಾಗಲೂ ತೂತಾಗಬಾರದು, ತೊಳೆಯುವಾಗಲೂ ತೂತಾಗಬಾರದು, ಗುಜರಿಗೆ ಹೋಗುವಾಗಲೂ ತೂತಾಗಬಾರದು. ಇದೊಂದು ಮಾತು ತಲೆಯಲ್ಲಿ ಇಟ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ತಿಳಿಯುತ್ತೆ.

ಮೊದಲು ಆ ಗ್ಯಾಸ್ ಯಾವುದು ಅಂತ ತಿಳ್ಕೊಳ್ಳೋಣ. ಫ್ರಿಜ್ಜಿನ ಹಿಂದುಗಡೆ, ಇಲ್ಲಾ ಬಾಗಿಲು ತೆಗೆದರೆ ಒಳಗೋಡೆ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ. ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅನ್ನೋದು ಎರಡೂ ಬರೆದಿರುತ್ತೆ. ತೀರಾ ಹಳೇದಾದ್ರೆ ಆರ್-12. ಇದು ಆಕಾಶದ ಓಝೋನ್ ಪದರ ತಿನ್ನೋ ಗ್ಯಾಸು. 1987ರಲ್ಲಿ ಮಾಂಟ್ರಿಯಲ್ ಅನ್ನೋ ಊರಲ್ಲಿ ದೇಶದೇಶದವರು ಸೇರಿ ಒಪ್ಪಂದ ಮಾಡ್ಕೊಂಡು ಇಂಥ ಗ್ಯಾಸ್ ನಿಲ್ಲಿಸ್ತಾ ಬಂದ್ರು. ನಮ್ಮ ದೇಶ 1992ರಲ್ಲಿ ಅದಕ್ಕೆ ಸೇರಿತು. ಆಮೇಲೆ ಬಂದಿದ್ದು ಆರ್-134ಎ. ಇದು ಓಝೋನ್ ತಿನ್ನಲ್ಲ, ಆದ್ರೆ ಭೂಮಿ ಬಿಸಿ ಮಾಡುತ್ತೆ. ಇದರ ಒಂದು ಕೆ.ಜಿ. ಗಾಳಿಗೆ ಹೋದ್ರೆ ಸುಮಾರು 1,400 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಬಿಟ್ಟಷ್ಟು ಬಿಸಿ. ಒಂದು ಫ್ರಿಜ್ಜಲ್ಲಿ 100 ಗ್ರಾಂ ಇದ್ದರೂ 140 ಕೆ.ಜಿ. ಲೆಕ್ಕ ಆಯ್ತು. ಆರ್-12 ಇದಕ್ಕಿಂತ ಏಳು ಪಟ್ಟು ಕೆಟ್ಟದ್ದು.

ಈಗ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಬರೋದು ಆರ್-600ಎ. ಐಸೋಬ್ಯುಟೇನ್ ಅಂತಾರೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರೋ ಗ್ಯಾಸಿನ ಅಣ್ಣತಮ್ಮ ಇದು. ಇದರಿಂದ ಭೂಮಿ ಬಿಸಿಯಾಗೋದು ತೀರಾ ಕಡಿಮೆ, ಓಝೋನಿಗೂ ತೊಂದ್ರೆ ಇಲ್ಲ. ಆದ್ರೆ ಬೆಂಕಿ ಹತ್ತುತ್ತೆ. ಇನ್ನೊಂದು ಮಾತು ಗಮನಿಸಿ. ಸಿಲಿಂಡರ್ ಗ್ಯಾಸಿಗೆ ಸೋರಿದ್ರೆ ಗೊತ್ತಾಗಲಿ ಅಂತ ಬೇಕೂಂತ್ಲೇ ಕೆಟ್ಟ ವಾಸನೆ ಬೆರೆಸಿರ್ತಾರೆ. ಫ್ರಿಜ್ಜಿನ ಗ್ಯಾಸಿಗೆ ಆ ವಾಸನೆ ಹಾಕಿರಲ್ಲ. ಸೋರಿದ್ರೆ ಮೂಗಿಗೆ ತಿಳಿಯಲ್ಲ. ಗಾಳಿಗಿಂತ ಭಾರ ಇರೋದ್ರಿಂದ ನೆಲದ ಮಟ್ಟದಲ್ಲೇ ನಿಲ್ಲುತ್ತೆ. ಫ್ರಿಜ್ಜಲ್ಲಿ ಇರೋದು ಸಾಮಾನ್ಯವಾಗಿ ನೂರು ಗ್ರಾಂ ಒಳಗೇ, ನಿಜ. ಆದ್ರೆ ಕಿಟಕಿ ಇಲ್ಲದ ಚಿಕ್ಕ ಅಡುಗೆಮನೆ, ಪಕ್ಕದಲ್ಲಿ ಉರಿಯೋ ಒಲೆ, ಮೇಲೆ ಅಟ್ಟದಲ್ಲಿ ಒಣಗಿದ ಕೊಬ್ಬರಿ ಅಂದ್ರೆ ಅಷ್ಟು ಗ್ಯಾಸೂ ಸಾಕು. ಕೊಬ್ಬರಿಗೆ ಬೆಂಕಿ ಬಿದ್ರೆ ಏನಾಗುತ್ತೆ ಅಂತ ನಮ್ಮ ಕಡೆಯೋರಿಗೆ ನಾನು ಹೇಳಬೇಕಾಗಿಲ್ಲ.

ಈಗ ಐಸಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಪೈಪು ತೂತಾಗೋದು ಹೆಚ್ಚಾಗಿ ಇಲ್ಲೇ.

ಒಂದೇ ಬಾಗಿಲಿನ ಫ್ರಿಜ್ಜಲ್ಲಿ ಮೇಲುಗಡೆ ಫ್ರೀಜರ್ ಡಬ್ಬಿ ಇರುತ್ತಲ್ಲ, ಅದು ಬರೀ ಡಬ್ಬಿ ಅಲ್ಲ. ಎರಡು ತೆಳು ಅಲ್ಯೂಮಿನಿಯಂ ತಗಡು ಸೇರಿಸಿ ಮಧ್ಯೆ ಗ್ಯಾಸ್ ಓಡೋ ದಾರಿ ಮಾಡಿರ್ತಾರೆ. ಅಂದ್ರೆ ಐಸ್ ಅಂಟಿರೋ ಗೋಡೆಯೇ ಗ್ಯಾಸಿನ ಪೈಪು. ನಮ್ಮ ಹೆಣ್ಮಕ್ಕಳು, ನಾವೂ ಅಷ್ಟೇ, ಐಸ್ ಗಟ್ಟಿಯಾದ ತಕ್ಷಣ ಈಳಿಗೆಮಣೆ ತುದಿ, ಚಾಕು, ಸ್ಕ್ರೂಡ್ರೈವರ್ ತಗೊಂಡು ಕುಕ್ಕೋದು. ನಮ್ಮ ನೆಂಟರ ಮನೆಯಲ್ಲಿ ಹಬ್ಬದ ಹಿಂದಿನ ದಿನ ಹೀಗೇ ಆಯ್ತು. ಐಸಿಗೆ ಅಂಟಿಕೊಂಡಿದ್ದ ಬೆಣ್ಣೆ ಡಬ್ಬಿ ಬಿಡಿಸೋಕೆ ಚಾಕು ಹಾಕಿದ್ರು, ಬುಸ್ ಅಂತ ಸದ್ದು ಬಂತು, ಫ್ರಿಜ್ಜಿನ ಕಥೆ ಮುಗೀತು. ಪೇಟೆಯಿಂದ ಬಂದ ಮೆಕ್ಯಾನಿಕ್ಕು ತೇಪೆ ಹಾಕಿ ಗ್ಯಾಸ್ ತುಂಬಿ ಹೋದ. ನಾಲ್ಕು ತಿಂಗಳಿಗೆ ಮತ್ತೆ ಖಾಲಿ. ಅಲ್ಯೂಮಿನಿಯಂ ತೇಪೆ ನಿಲ್ಲೋದು ಕಷ್ಟ. ಕೊನೆಗೆ ಇಡೀ ಫ್ರಿಜ್ಜು ಗುಜರಿಗೆ. ಐದು ನಿಮಿಷದ ಆತುರಕ್ಕೆ ಇನ್ನೂ ಆರೇಳು ವರ್ಷ ಬರಬೇಕಾಗಿದ್ದ ಫ್ರಿಜ್ಜು ಹೋಯ್ತು.

ಐಸ್ ಯಾಕೆ ಕಟ್ಟುತ್ತೆ? ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತೆ. ಬಿಸಿ ಸಾರು, ಮುಚ್ಚಳ ಇಲ್ಲದ ಪಾತ್ರೆ ಇಟ್ರೆ ಅದರ ಹಬೆಯೂ ಹೋಗಿ ಅಲ್ಲೇ ಕೂತ್ಕೊಳ್ಳುತ್ತೆ. ಬಾಗಿಲಿನ ರಬ್ಬರ್ ಸಡಿಲ ಆಗಿದ್ರೆ ಹಗಲೂ ರಾತ್ರಿ ಕಟ್ತಾನೇ ಇರುತ್ತೆ. ಐಸ್ ಇದ್ರೆ ತಣ್ಣಗೆ ಜಾಸ್ತಿ ಅಂತ ಬಹಳ ಜನ ತಿಳ್ಕೊಂಡಿದಾರೆ. ಅದು ಉಲ್ಟಾ. ಐಸ್ ಅನ್ನೋದು ಕಂಬಳಿ ಇದ್ದ ಹಾಗೆ. ತಂಪು ಪಾತ್ರೆಗೆ ತಲುಪೋಕೆ ಅದು ಬಿಡಲ್ಲ. ಅದಕ್ಕೇ ಮೋಟಾರು ಜಾಸ್ತಿ ಹೊತ್ತು ಓಡುತ್ತೆ, ಕರೆಂಟು ಜಾಸ್ತಿ ತಿನ್ನುತ್ತೆ, ಮೋಟಾರೂ ಬೇಗ ಸವೆಯುತ್ತೆ. ಗೃಹಜ್ಯೋತಿ ಇದೆಯಲ್ಲ ಅಂತ ಸುಮ್ಮನಿರಬೇಡಿ, ನಮ್ಮ ಮನೆಗೆ ಗೊತ್ತು ಮಾಡಿದ ಯೂನಿಟ್ ದಾಟಿದ್ರೆ ಬಿಲ್ಲು ಬಂದೇ ಬರುತ್ತೆ.

ಐಸು ಪೆನ್ಸಿಲಿನಷ್ಟು ದಪ್ಪ ಆಯ್ತು ಅಂದ್ರೆ ಕರಗಿಸೋ ಹೊತ್ತು ಬಂತು ಅಂತ ಲೆಕ್ಕ. ಫ್ರಿಜ್ಜು ಖಾಲಿ ಇರೋ ದಿನ ನೋಡ್ಕೊಳ್ಳಿ. ನಾನು ಹೇಳೋದು, ವರ್ಷದಲ್ಲಿ ಎರಡು ಸಲವಂತೂ ಮರೀಬೇಡಿ. ಯುಗಾದಿಗೆ ಮುಂಚೆ ಒಂದ್ಸಲ, ಅವರೆಕಾಯಿ ಕಾಲಕ್ಕೆ ಮುಂಚೆ ಒಂದ್ಸಲ. ಮಿಕ್ಕಂತೆ ಐಸ್ ಕಟ್ಟಿದಾಗ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಬೆಳಿಗ್ಗೆ ತಂಪು ಹೊತ್ತಲ್ಲಿ ಶುರು ಮಾಡಿದ್ರೆ ಊಟದ ಹೊತ್ತಿಗೆ ಮುಗಿಯುತ್ತೆ. ಮಾಡೋ ವಿಧಾನ ಹೀಗೆ.

1. ಒಣಗಿದ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕ್ಕೊಂಡು ಪ್ಲಗ್ ಕೀಳಿ. ಸ್ವಿಚ್ ಆರಿಸಿದ್ರೆ ಸಾಕು ಅನ್ನಬೇಡಿ. ವೈರ್ ಹಿಡಿದು ಎಳೀಬೇಡಿ, ಪ್ಲಗ್ ಹಿಡಿದೇ ಕೀಳಿ. ಕೆಲವು ಫ್ರಿಜ್ಜಿನ ಗುಂಡಿ ಮಧ್ಯೆ ಐಸ್ ಕರಗಿಸೋ ಒತ್ತು ಇರುತ್ತೆ. ಅದು ದಿನನಿತ್ಯದ ಸಣ್ಣ ಐಸಿಗೆ ಸರಿ. ತೊಳೆಯೋದಿದ್ರೆ ಪ್ಲಗ್ಗೇ ಕೀಳಬೇಕು.

2. ಒಳಗಿನ ಸಾಮಾನು ತೆಗೆದು ಒತ್ತೊತ್ತಾಗಿ ಒಂದು ದೊಡ್ಡ ಪಾತ್ರೆಗೆ ತುಂಬಿ. ಪೇಪರ್ ಸುತ್ತಿ, ಮೇಲೆ ಗೋಣಿಚೀಲ ಎರಡು ಪದರ ಮುಚ್ಚಿ ನೆರಳಲ್ಲಿ ಇಡಿ. ತೆಂಗಿನ ನಾರಿನ ಪುಡಿ ಇದ್ರೆ ಚೀಲಕ್ಕೆ ತುಂಬಿ ಸುತ್ತ ಒತ್ತರಿಸಿ, ಬಿಸಿ ಒಳಗೆ ಹೋಗೋದು ನಿಧಾನ ಆಗುತ್ತೆ. ಮಾಂಸ, ಮೀನು ಇನ್ನೂ ಐಸಿನ ಹರಳು ಇದ್ದು ಗಟ್ಟಿಯಾಗಿದ್ರೆ ವಾಪಸ್ ಇಡಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ರೆ ಮತ್ತೆ ಫ್ರೀಜರಿಗೆ ಇಟ್ಟು ತಿನ್ನಬೇಡಿ.

3. ಕೆಳಗೆ ನೆಲಕ್ಕೆ ಹಳೇ ಗೋಣಿಚೀಲ ಹಾಸಿ. ಒಂದು ಪಾತ್ರೆಯಲ್ಲಿ ಬಿಸಿನೀರು ತಗೊಂಡು, ಕುದಿಯೋದು ಬೇಡ, ಕೆಳಗೆ ಮಣೆ ಇಲ್ಲಾ ದಪ್ಪ ಬಟ್ಟೆ ಇಟ್ಟು ಅದರ ಮೇಲೆ ಪಾತ್ರೆ ಇಡಿ. ಫ್ರೀಜರ್ ಬಾಗಿಲು ಮುಚ್ಚಿ. ಕಾಲು ಗಂಟೆಗೊಂದ್ಸಲ ನೀರು ಬದಲಿಸಿ. ಎರಡು ಮೂರು ಸಲಕ್ಕೆ ಐಸ್ ತಾನಾಗೇ ಹಲಗೆ ಹಲಗೆಯಾಗಿ ಕಳಚ್ಕೊಳ್ಳುತ್ತೆ. ಕೈಯಲ್ಲೇ ಎತ್ತಿ ಹೊರಗೆ ಹಾಕಿ. ಬರದಿದ್ರೆ ಇನ್ನೂ ಕಾಯಿರಿ. ಅಂಟಿದ್ದನ್ನ ಜಗ್ಗಬೇಡಿ.

4. ಚಾಕು, ಕುಡುಗೋಲು, ಸ್ಕ್ರೂಡ್ರೈವರ್, ಸುತ್ತಿಗೆ ಹತ್ರಾನೂ ತರಬೇಡಿ. ಬೆಂಕಿ, ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ. ತಲೆಕೂದಲು ಒಣಗಿಸೋ ಯಂತ್ರ ಹಿಡೀತಾರೆ ಕೆಲವರು. ನೀರು ತೊಟ್ಟಿಕ್ಕೋ ಜಾಗದಲ್ಲಿ ಕರೆಂಟು ಹಿಡ್ಕೊಂಡು ನಿಲ್ಲೋದು ಬೇಡ. ಉಪ್ಪು ಎರಚಿದ್ರೆ ಐಸ್ ಬೇಗ ಕರಗುತ್ತೆ, ನಿಜ, ಆದ್ರೆ ಉಪ್ಪು ಅಲ್ಯೂಮಿನಿಯಂ ತಿನ್ನುತ್ತೆ. ಇವತ್ತು ತೂತಾಗದಿದ್ರೂ ಮುಂದಿನ ವರ್ಷ ಆಗುತ್ತೆ.

ಐಸ್ ಹೋದ ಮೇಲೆ ತೊಳೆಯೋದು ಸುಲಭ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ನೀರು ಸುರೀಬೇಡಿ, ಬಲ್ಬು ಗುಂಡಿ ಇರೋ ಕಡೆ ಇಳಿಯುತ್ತೆ. ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಷ್ಟು ಕೂತಿರುತ್ತೆ, ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಉಜ್ಜಿ. ರಬ್ಬರ್ ಸರಿ ಇದೆಯಾ ನೋಡೋಕೆ ಹತ್ತು ರೂಪಾಯಿ ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೀರಿ. ಬಿಗಿಯಾಗಿ ಬಂದ್ರೆ ಸರಿ. ಜಾರಿ ಬಂದ್ರೆ ರಬ್ಬರ್ ಬದಲಾಯಿಸಿ, ಫ್ರಿಜ್ಜು ಬದಲಾಯಿಸೋಕಿಂತ ಬಹಳ ಕಡಿಮೆ ಖರ್ಚು. ವಾಸನೆ ಇದ್ರೆ ಅದಕ್ಕೆ ಪೇಟೆಯಿಂದ ಏನೂ ತರೋದು ಬೇಡ. ನಮ್ಮ ತೆಂಗಿನ ಚಿಪ್ಪಿನ ಇದ್ದಿಲು ಒಂದು ಬಟ್ಟಲಲ್ಲಿ ಇಡಿ, ಎಳ್ಕೊಳ್ಳುತ್ತೆ.

ಒಂದು ಎಚ್ಚರಿಕೆ. ಕರೆಂಟು ಹೋಗಿ ಮಾಂಸ ಕೊಳೆತು ಹುಳ ಬಿದ್ದ ಫ್ರೀಜರ್ ತೊಳೆಯೋಕೆ ಕೆಲವರು ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯೋ ಆಸಿಡ್ ಬೆರೆಸ್ತಾರೆ. ಅದರಿಂದ ಬರೋದು ಕ್ಲೋರಿನ್ ಗ್ಯಾಸು, ಉಸಿರಾಟಕ್ಕೆ ಅಪಾಯ. ಬ್ಲೀಚಿಂಗ್ ಹಾಕೋದಿದ್ರೆ ಅದೊಂದೇ, ನೀರಲ್ಲಿ ತೆಳು ಮಾಡಿ, ಫ್ರಿಜ್ಜನ್ನ ಜಗುಲಿಗೆ ತಂದು, ಬಾಯಿಗೆ ಬಟ್ಟೆ ಕಟ್ಕೊಂಡು ಹಾಕಿ. ಕರೆಂಟು ಹೋದಾಗ ಬಾಗಿಲು ತೆಗೀದೆ ಇದ್ರೆ ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಂಪು ಹಿಡಿಯುತ್ತೆ. ಆದ್ರೆ ಅದು ಸರಿಯಾದ ಡೀಪ್ ಫ್ರೀಜರ್ ಲೆಕ್ಕ, ಒಂದೇ ಬಾಗಿಲಿನ ಫ್ರಿಜ್ಜಿನ ಚಿಕ್ಕ ಡಬ್ಬಿಗೆ ಅಷ್ಟು ಹೊತ್ತು ನಂಬಬೇಡಿ. ಕೆಳಗಿನ ಫ್ರಿಜ್ಜು ಭಾಗ ನಾಲ್ಕು ಗಂಟೆ ಅಷ್ಟೇ.

ಹಿಂದುಗಡೆಯ ಕಪ್ಪು ಜಾಲರಿ ಮೇಲೆ ಧೂಳು, ಜೇಡರಬಲೆ ಇದ್ರೆ ಮೆತ್ತಗಿನ ಪೊರಕೆಯಲ್ಲಿ ಗುಡಿಸಿ. ಗೋಡೆಗೂ ಅದಕ್ಕೂ ನಾಲ್ಕು ಬೆರಳಾದ್ರೂ ಜಾಗ ಬಿಡಿ. ಅಲ್ಲೇ ಮೋಟಾರಿನ ಹತ್ರ ಒಂದು ನೀರಿನ ತಟ್ಟೆ ಇರುತ್ತೆ. ಅದನ್ನ ಎಷ್ಟು ಜನ ನೋಡಿದೀರಿ? ಐಸ್ ಕರಗಿದ ನೀರು ಅಲ್ಲಿ ನಿಲ್ಲುತ್ತೆ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿನೀರಲ್ಲೇ. ತೊಟ್ಟಿ, ಟೈರು, ತೆಂಗಿನ ಚಿಪ್ಪು ಎಲ್ಲಾ ಮಗುಚಿ ಹಾಕಿ, ಮನೆಯೊಳಗಿನ ಈ ತಟ್ಟೆ ಮರೆತರೆ ಏನು ಪ್ರಯೋಜನ? ವಾರಕ್ಕೊಂದ್ಸಲ ಖಾಲಿ ಮಾಡಿ ಒರೆಸಿ.

ಇನ್ನೆರಡು ಮಾತು ರೈತರಿಗಂತಲೇ. ಔಷಧಿ, ಅಂದ್ರೆ ಹೊಲಕ್ಕೆ ಹೊಡೆಯೋ ವಿಷ, ಯಾವ ಕಾರಣಕ್ಕೂ ಫ್ರಿಜ್ಜಲ್ಲಿ ಇಡಬೇಡಿ. ಇಟ್ಟಿದ್ದ ಫ್ರಿಜ್ಜನ್ನ ಮತ್ತೆ ಊಟದ ಸಾಮಾನಿಗೆ ಬಳಸಬೇಡಿ, ಎಷ್ಟು ತೊಳೆದರೂ ಸರಿ. ದನದ ಕಾಲುಬಾಯಿ ಜ್ವರದ ಲಸಿಕೆ ಅಪ್ಪಿತಪ್ಪಿ ಮನೆಯಲ್ಲಿ ಒಂದೆರಡು ಗಂಟೆ ಇಡಬೇಕಾಗಿ ಬಂದ್ರೆ ಕೆಳಗಿನ ಭಾಗದಲ್ಲಿ ಇಡಿ, ಫ್ರೀಜರಲ್ಲಿ ಅಲ್ಲ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದ್ರೆ ಕೆಡುತ್ತೆ. ಇನ್ನು ತೋಟದ ಮನೆಯೋರಿಗೆ ಕರೆಂಟು ಒಂದೊಂದ್ಸಲ ತೀರಾ ಕಡಿಮೆ ಬರುತ್ತೆ. ಮೋಟಾರು ಗುಂಯ್ ಅಂತ ನರಳುತ್ತೆ, ತಿರುಗಲ್ಲ. ಹಾಗೆ ಬಿಟ್ರೆ ಸುಟ್ಟುಹೋಗುತ್ತೆ. ಸ್ಟೆಬಿಲೈಸರ್ ಹಾಕ್ಸಿ, ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯಾ ನೋಡ್ಸಿ. ಪಂಪ್‌ಸೆಟ್ಟಿಗೆ ಅರ್ಥಿಂಗ್ ಹಾಕ್ಸೋರು ಮನೆಯ ಫ್ರಿಜ್ಜಿಗೆ ಹಾಕ್ಸಲ್ಲ. ದಿನಾ ಒದ್ದೆ ಕೈಯಲ್ಲಿ ಮುಟ್ಟೋದು ಯಾವುದನ್ನ ಅಂತ ನೀವೇ ಯೋಚಿಸಿ.

ಇಷ್ಟು ನೋಡ್ಕೊಂಡ್ರೂ ಒಂದಿನ ಕೆಡುತ್ತೆ. ಅಲ್ಲಿಂದ ನಿಜವಾದ ಸಮಸ್ಯೆ ಶುರು.

ನಮ್ಮ ಊರುಗಳಲ್ಲಿ ಕೆಟ್ಟ ಫ್ರಿಜ್ಜು ಹಿಡಿಯೋ ದಾರಿ ಮೂರು. ಒಂದು, ಹಿಂಡಿ ಬೂಸಾ ತುಂಬೋ ಡಬ್ಬಿಯಾಗಿ ಕೊಟ್ಟಿಗೆಗೆ. ಎರಡು, ಬದುವಿನ ಮೇಲೆ ಹಾಗೇ ಬಿದ್ದಿರೋದು. ಮೂರು, ಗುಜರಿಯವನಿಗೆ.

ಮೊದಲನೇ ಎರಡಕ್ಕೂ ಒಂದೇ ದೊಡ್ಡ ಅಪಾಯ, ಮಕ್ಕಳು. ಫ್ರಿಜ್ಜು ಅಂದ್ರೆ ಗಾಳಿ ಆಡದ ಪೆಟ್ಟಿಗೆ. ಕಣ್ಣಾಮುಚ್ಚಾಲೆ ಆಡೋ ಮಗುವಿಗೆ ಅದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಹಳೇ ಕಾಲದ ಚಿಲಕದ ಫ್ರಿಜ್ಜು ಒಳಗಿಂದ ತೆಗೆಯೋಕೇ ಆಗ್ತಿರಲಿಲ್ಲ. ಅಮೆರಿಕದಲ್ಲಿ ಮಕ್ಕಳು ಹೀಗೆ ಒಳಗೆ ಸಿಕ್ಕಿ ಸತ್ತು ಸತ್ತು, ಕೊನೆಗೆ 1956ರಲ್ಲಿ ಒಳಗಿಂದಲೂ ಬಾಗಿಲು ತೆಗೆಯೋ ಹಾಗೆ ಇರಲೇಬೇಕು ಅಂತ ಕಾನೂನು ಮಾಡಿದ್ರು. ಈಗಿನವು ಅಯಸ್ಕಾಂತದ ರಬ್ಬರ್, ತಳ್ಳಿದ್ರೆ ತೆಗೆಯುತ್ತೆ. ಆದ್ರೆ ಬಾಗಿಲು ನೆಲಕ್ಕೆ ಬರೋ ಹಾಗೆ ಮಗುಚಿ ಬಿದ್ರೆ, ಮುಂದೆ ಮೂಟೆ ಒರಗಿಸಿದ್ರೆ, ಮೂರು ನಾಲ್ಕು ವರ್ಷದ ಮಗು ತಳ್ಳೋಕಾಗುತ್ತಾ? ಐಸ್‌ಕ್ರೀಮ್ ಅಂಗಡಿಯಿಂದ ಸೆಕೆಂಡ್ ಹ್ಯಾಂಡಲ್ಲಿ ತರೋ ಪೆಟ್ಟಿಗೆ ಫ್ರೀಜರಿಗೆ ಮೇಲೆ ಭಾರದ ಮುಚ್ಚಳ, ಅದಕ್ಕೊಂದು ಬೀಗ. ಅದು ಇನ್ನೂ ಅಪಾಯ. ಒಳಗೆ ಕೂಗಿದ್ರೂ ದಪ್ಪ ಗೋಡೆ ದಾಟಿ ಹೊರಗೆ ಕೇಳಲ್ಲ.

ಅದಕ್ಕೇ ಹೇಳ್ತೀನಿ, ಫ್ರಿಜ್ಜು ಕೆಟ್ಟಿದೆ, ಇನ್ನು ರಿಪೇರಿ ಇಲ್ಲ ಅಂತ ಗೊತ್ತಾದ ದಿನವೇ ಬಾಗಿಲು ಬಿಚ್ಚಿ. ನಾಳೆ ಅನ್ನಬೇಡಿ. ಕೀಲಿನ ಹತ್ರ ಎರಡು ಮೂರು ಸ್ಕ್ರೂ ಅಷ್ಟೇ, ಪಾನಾ ಹಾಕಿ ತಿರುಗಿಸಿದ್ರೆ ಬರುತ್ತೆ. ಇದಕ್ಕೂ ಗ್ಯಾಸ್ ಪೈಪಿಗೂ ಸಂಬಂಧ ಇಲ್ಲ, ಹೆದರಬೇಡಿ. ಬಿಚ್ಚೋಕೆ ಆಗದಿದ್ರೆ ರಬ್ಬರ್ ಕಿತ್ತು, ಬಾಗಿಲು ಮುಚ್ಚದ ಹಾಗೆ ಮಧ್ಯೆ ಮರದ ತುಂಡು ಇಟ್ಟು ಹಗ್ಗ ಬಿಗಿದು ಕಟ್ಟಿ. ಪೆಟ್ಟಿಗೆ ಫ್ರೀಜರ್ ಆದ್ರೆ ಮುಚ್ಚಳವೇ ತೆಗೆದುಬಿಡಿ. ಒಳಗಿನ ತಟ್ಟೆ ಮಾತ್ರ ಅಲ್ಲೇ ಬಿಡಿ, ಮಗು ಒಳಗೆ ನುಗ್ಗೋಕೆ ಜಾಗ ಇರಲ್ಲ. ಇಷ್ಟು ಮಾಡದೆ ಹಳೇ ಫ್ರಿಜ್ಜನ್ನ ಜಗುಲಿ ಮೇಲೆ ಇಟ್ಕೊಂಡಿರೋರು, ಬಾವಿಗೆ ಕಟ್ಟೆ ಕಟ್ಟದೆ ಬಿಟ್ಟೋರು, ಇಬ್ಬರೂ ನನ್ನ ಲೆಕ್ಕದಲ್ಲಿ ಒಂದೇ.

ಬದುವಿನ ಮೇಲೆ ಬಿದ್ದಿರೋದಕ್ಕೆ ಇನ್ನೊಂದು ತೊಂದ್ರೆ. ಗೋಡೆಯ ಫೋಮಿನಲ್ಲಿ ಇಲಿ ಗೂಡು ಮಾಡುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಆಮೇಲೆ ಒಬ್ಬರು ಬೇಸಿಗೆಯಲ್ಲಿ ಸೋಗೆ, ಗರಿ ಜೊತೆ ಅದಕ್ಕೂ ಬೆಂಕಿ ಇಡ್ತಾರೆ. ಆ ಫೋಮು ಸುಟ್ಟರೆ ಬರೋ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡು, ಸಯನೈಡ್ ಜಾತಿಯ ವಿಷಗಾಳಿ ಇರುತ್ತೆ. ದನ ಕಟ್ಟಿರೋ ಕಡೆ ಆ ಹೊಗೆ ಹೋದ್ರೆ? ಕಾಯೋಕೆ ಕೂತ ಅಜ್ಜನ ಮೂಗಿಗೆ ಹೋದ್ರೆ? ಫೋಮ್ ಯಾವತ್ತೂ ಸುಡಬೇಡಿ.

ಈಗ ಗುಜರಿಯವನ ವಿಷಯ. ಇಲ್ಲಿ ನನ್ನ ಮಾತು ತಪ್ಪು ತಿಳೀಬೇಡಿ. ಮೊಪೆಡ್ ಮೇಲೆ ಕೂದಲು, ಕಬ್ಬಿಣ ಅಂತ ಕೂಗ್ಕೊಂಡು ಬರೋ ಅವನು ನಮ್ಮ ಹಾಗೇ ಹೊಟ್ಟೆಪಾಡಿನವನು. ಅವನಿಲ್ಲದಿದ್ರೆ ನಮ್ಮೂರಿನ ಕಸ ಇನ್ನೂ ಹತ್ತು ಪಟ್ಟು ಇರ್ತಿತ್ತು. ಕಬ್ಬಿಣ, ಬಾಟಲಿ, ಪೇಪರಿಗೆ ಅವನೇ ಸರಿ. ಆದ್ರೆ ಫ್ರಿಜ್ಜು ಇಡಿಯಾಗಿ ಅವನ ಗಾಡಿಗೆ ಹಿಡಿಯಲ್ಲ. ಅವನಿಗೆ ಬೇಕಾಗಿರೋದು ಕಂಪ್ರೆಸರ್ ಒಳಗಿನ ತಾಮ್ರ, ಹಿಂದಿನ ಜಾಲರಿ, ತಗಡು. ಅದಕ್ಕೆ ನಮ್ಮ ಅಂಗಳದಲ್ಲೇ ಕೂತು ಪೈಪು ಕತ್ತರಿಸ್ತಾನೆ. ಬುಸ್ ಅಂತ ಗ್ಯಾಸ್ ಹೋಗುತ್ತೆ. ಬೀಡಿ ಬಾಯಲ್ಲೇ ಇರುತ್ತೆ. ಕಂಪ್ರೆಸರ್ ಮಗುಚಿ ಅದರ ಎಣ್ಣೆ ನೆಲಕ್ಕೆ ಸುರೀತಾನೆ. ತಾಮ್ರ ತಗೊಂಡು, ಫೋಮು, ಪ್ಲಾಸ್ಟಿಕ್ಕು ನಮ್ಮ ಬದುವಿಗೇ ಬಿಟ್ಟು ಹೋಗ್ತಾನೆ. ನಮ್ಮ ಕೈಗೆ ಬರೋದು ಎಂಟುನೂರೋ ಸಾವಿರವೋ. ತೀರಾ ಹಳೇ ಫ್ರಿಜ್ಜಾದ್ರೆ ಪೈಪಿಗಿಂತ ಗೋಡೆಯ ಫೋಮಿನಲ್ಲೇ ಕೆಟ್ಟ ಗ್ಯಾಸ್ ಜಾಸ್ತಿ ಇರುತ್ತೆ, ಫೋಮು ಪುಡಿ ಮಾಡಿದಷ್ಟೂ ಅದು ಹೊರಗೆ ಹೋಗುತ್ತೆ.

ಒಂದು ಫ್ರಿಜ್ಜಿಂದ ಏನಾಗುತ್ತೆ, ಪೇಟೆಯಲ್ಲಿ ಸಾವಿರಾರು ಎಸಿ ಓಡ್ತಿವೆ, ಅವರನ್ನ ಕೇಳು ಅಂತ ಒಬ್ಬರು ನನ್ನ ಹತ್ರ ವಾದ ಮಾಡಿದ್ರು. ಅವರ ಮಾತಲ್ಲಿ ಅರ್ಧ ನಿಜ ಇದೆ. ದೊಡ್ಡ ಪಾಲು ನಮ್ಮದಲ್ಲ. ಆದ್ರೆ ಮಳೆ ಹೊತ್ತಿಗೆ ಬರದಿದ್ರೆ ರಾಗಿ ಒಣಗೋದು ನಮ್ಮದು, ಪೇಟೆಯೋರದ್ದಲ್ಲ. ಬಿಸಿಲು ಜಾಸ್ತಿ ಆಗಿ ಎಳೆ ಹರಳು ಉದುರೋದು ನಮ್ಮ ತೆಂಗಿನದ್ದು. ಹವಾಮಾನ ಕೆಟ್ಟರೆ ಮೊದಲ ಪೆಟ್ಟು ತಿನ್ನೋನೇ, ತನ್ನ ಕೈಲಾದಷ್ಟು ಕೆಡಿಸದೆ ಇರೋದ್ರಲ್ಲಿ ಜಾಣತನ ಇದೆ. ಗ್ಯಾಸಿನ ಮಾತು ಬಿಡಿ ಅಂದ್ರೂ ಎಣ್ಣೆ ಬಿದ್ದ ಮಣ್ಣು ನಮ್ಮದೇ, ಫೋಮ್ ತಿನ್ನೋ ಮೇಕೆ ನಮ್ಮದೇ.

ಹಾಗಾದ್ರೆ ಏನು ಮಾಡಬೇಕು? ದಾರಿ ಇದೆ, ಆದ್ರೆ ನಮ್ಮ ಊರವರೆಗೆ ಸರಿಯಾಗಿ ಬಂದಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಇ-ತ್ಯಾಜ್ಯದ ಹೊಸ ನಿಯಮ ಮಾಡಿತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಫ್ರಿಜ್ಜೂ ಆ ಪಟ್ಟಿಯಲ್ಲಿದೆ. ಅದರ ಸಾರ ಇಷ್ಟು: ಫ್ರಿಜ್ಜು ಮಾಡಿ ಮಾರಿದ ಕಂಪನಿಯೇ, ಅದು ಕೆಟ್ಟ ಮೇಲೆ ನೋಂದಣಿ ಆದ ಮರುಬಳಕೆ ಘಟಕದಲ್ಲಿ ವಿಲೇವಾರಿ ಆಗೋ ಜವಾಬ್ದಾರಿ ಹೊರಬೇಕು. ಅಂದ್ರೆ ಇದು ನಾವು ಬೇಡ್ಕೊಳ್ಳೋ ಉಪಕಾರ ಅಲ್ಲ, ಅವರು ಮಾಡಬೇಕಾದ ಕೆಲಸ. ಅಂಥ ಘಟಕದಲ್ಲಿ ಮೊದಲು ಯಂತ್ರದಿಂದ ಗ್ಯಾಸನ್ನ ಸಿಲಿಂಡರಿಗೆ ಎಳ್ಕೋಬೇಕು, ಎಣ್ಣೆ ಬೇರೆ ಬಸೀಬೇಕು, ಆಮೇಲೆ ಲೋಹ, ಪ್ಲಾಸ್ಟಿಕ್ಕು, ಫೋಮು ಬೇರೆ ಬೇರೆ ಮಾಡಬೇಕು. ಕ್ರಮ ಇದು.

ಹೊಸ ಫ್ರಿಜ್ಜು ತಗೊಳ್ಳುವಾಗ ಹಳೇದನ್ನ ಎಕ್ಸ್‌ಚೇಂಜ್‌ಗೆ ಕೊಡೋದು ನಮಗೆ ಸುಲಭದ ದಾರಿ. ಅಂಗಡಿಯವನು ಹೊಸದು ಇಳಿಸೋ ಗಾಡಿಯಲ್ಲೇ ಹಳೇದು ಹೊತ್ಕೊಂಡು ಹೋಗ್ತಾನೆ. ಆದ್ರೆ ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿ: ಇದು ಎಲ್ಲಿಗೆ ಹೋಗುತ್ತೆ, ಚೀಟಿ ಕೊಡ್ತೀರಾ? ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಅವನೇ ಹೇಳ್ತಾನೆ. ಎಕ್ಸ್‌ಚೇಂಜ್ ಬೇಡ ಅಂದ್ರೆ ಫ್ರಿಜ್ಜಿನ ಪುಸ್ತಕದಲ್ಲಿ ಕಂಪನಿಯ ಉಚಿತ ಫೋನ್ ನಂಬರ್ ಇರುತ್ತೆ. ಹಳೇದು ತಗೊಂಡು ಹೋಗಿ ಅಂತ ಹೇಳಿ, ದೂರು ಸಂಖ್ಯೆ ಬರೆದಿಟ್ಕೊಳ್ಳಿ.

ಒಬ್ಬೊಬ್ಬರೇ ಫೋನ್ ಮಾಡಿದ್ರೆ ಹಳ್ಳಿಗೆ ಯಾರೂ ಬರಲ್ಲ, ಅದು ನನಗೂ ಗೊತ್ತು. ನೋಂದಣಿ ಆದ ಘಟಕಗಳು ಬಹುಪಾಲು ಬೆಂಗಳೂರು ಸುತ್ತಮುತ್ತಲೇ ಇವೆ, ನಮ್ಮಿಂದ ಸುಮಾರು 140 ಕಿ.ಮೀ. ಒಂದು ಫ್ರಿಜ್ಜಿಗೆ ಗಾಡಿ ಬಾಡಿಗೆ ಹುಟ್ಟಲ್ಲ. ಹನ್ನೆರಡು ಹದಿನೈದು ಸೇರಿದ್ರೆ ಹುಟ್ಟುತ್ತೆ. ಹಾಲಿಗೆ ನಾವು ಮಾಡಿರೋದು ಇದೇ ಅಲ್ವಾ? ಎರಡು ಲೀಟರ್ ಹಾಲಿಗೆ ಟ್ಯಾಂಕರ್ ಬರಲ್ಲ, ಊರಿನ ಹಾಲೆಲ್ಲ ಒಂದು ಕಡೆ ಸೇರಿದ್ರೆ ಬಾಗಿಲಿಗೆ ಬರುತ್ತೆ. ಫ್ರಿಜ್ಜಿಗೂ ಹಾಗೇ ಮಾಡೋಣ.

ನನ್ನ ಸಲಹೆ ಹೀಗಿದೆ. ನಮ್ಮ ಪಂಚಾಯ್ತಿಗಳಲ್ಲಿ ಒಣಕಸಕ್ಕೆ ಅಂತ ಸ್ವಚ್ಛ ಸಂಕೀರ್ಣ ಕಟ್ಟಿದಾರೆ, ಮನೆಮನೆಗೆ ಸ್ವಚ್ಛವಾಹಿನಿ ಗಾಡಿ ಬರುತ್ತೆ, ಸ್ವಸಹಾಯ ಸಂಘದ ಹೆಣ್ಮಕ್ಕಳು ಓಡಿಸ್ತಾರೆ. ಅಲ್ಲಿ ಪ್ಲಾಸ್ಟಿಕ್ ಕವರ್ ತಗೋತಾರೆ, ಫ್ರಿಜ್ಜು, ಟಿ.ವಿ. ಅಂದ್ರೆ ತಲೆ ಅಲ್ಲಾಡಿಸ್ತಾರೆ. ಅಲ್ಲೇ ಒಂದು ಮೂಲೆಗೆ ಶೀಟ್ ಹಾಕಿ, ವರ್ಷಕ್ಕೆರಡು ದಿನ ಗೊತ್ತು ಮಾಡಿ, ಆ ದಿನ ಕೆಟ್ಟ ಫ್ರಿಜ್ಜು, ಟಿ.ವಿ., ಮಿಕ್ಸಿ, ಬ್ಯಾಟರಿ ತಗೋಬೇಕು. ಬಂದಿದ್ದೆಲ್ಲ ಇಡಿಯಾಗಿ, ನಿಲ್ಲಿಸಿ, ಬಾಗಿಲು ಬಿಚ್ಚಿ ಇಡಬೇಕು. ಒಂದು ಲೋಡ್ ಆದ ಮೇಲೆ ನೋಂದಣಿ ಆದ ಘಟಕಕ್ಕೆ ಕರೆ ಮಾಡಿದ್ರೆ ಅವರೇ ದುಡ್ಡು ಕೊಟ್ಟು ಒಯ್ಯಬೇಕು, ಯಾಕಂದ್ರೆ ಅದರಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಇದೆ. ಬಂದ ದುಡ್ಡು ಸಂಘಕ್ಕೂ ಫ್ರಿಜ್ಜು ತಂದೋರಿಗೂ ಹಂಚಲಿ. ಗುಜರಿಯವನನ್ನೂ ಇದರಲ್ಲಿ ಸೇರಿಸಿ. ಮನೆಯಿಂದ ಇಡಿಯಾಗಿ ತಂದು ಕೊಟ್ರೆ ಇಷ್ಟು ಅಂತ ಕೊಡಲಿ, ಅವನು ಒಡೆಯೋ ಅವಶ್ಯಕತೆಯೇ ಇರಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನ ಬರೆದು ಕೊಡ್ತೀನಿ. ನಿಮ್ಮ ಪಂಚಾಯ್ತಿಯಲ್ಲಿ ನೀವೂ ಕೊಡಿ. ರಸ್ತೆ, ಚರಂಡಿ ಆದ ಮೇಲೆ ಐದು ನಿಮಿಷ ಇದಕ್ಕೂ ಸಿಗಲಿ.

ಅಲ್ಲಿವರೆಗೆ ಏನು ಮಾಡೋದು ಅಂತ ಕೇಳಿದ್ರೆ ನನ್ನ ಉತ್ತರ: ಕಾಯಿರಿ. ಬಾಗಿಲು ಬಿಚ್ಚಿದ ಫ್ರಿಜ್ಜು ಮಳೆ ಬೀಳದ ಕಡೆ, ಒಲೆಯಿಂದ ದೂರ, ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ್ರೆ ವರ್ಷ ಇದ್ದರೂ ಏನೂ ಮಾಡಲ್ಲ. ಪೈಪು ತೂತಾಗಿಲ್ಲ ಅಂದ್ರೆ ಗ್ಯಾಸ್ ಒಳಗೇ ಇರುತ್ತೆ. ಇಡೋಕೆ ಮುಂಚೆ ಒಳಗೆಲ್ಲ ತೊಳೆದು ಎರಡು ಮೂರು ದಿನ ಒಣಗಿಸಿ, ಹಿಂದಿನ ನೀರಿನ ತಟ್ಟೆ ಖಾಲಿ ಮಾಡಿ, ವೈರ್ ಸುತ್ತಿ ಕಟ್ಟಿ. ಸಾಗಿಸುವಾಗ ಟ್ರ್ಯಾಕ್ಟರ್ ಟ್ರೈಲರಲ್ಲಿ ಮಲಗಿಸಬೇಡಿ, ನಿಲ್ಲಿಸಿ ಹಗ್ಗ ಬಿಗೀರಿ, ಹಿಂದಿನ ಜಾಲರಿಗೆ ಕಬ್ಬಿಣ ತಾಗದ ಹಾಗೆ ಗೋಣಿಚೀಲ ಒತ್ತಿ. ಇನ್ನೂ ಓಡೋ ಫ್ರಿಜ್ಜನ್ನ ಬೇರೆಯವರಿಗೆ ಕೊಡೋದಿದ್ರೂ ಇದೇ ಕ್ರಮ. ಅಕಸ್ಮಾತ್ ಮಲಗಿಸಿ ತಂದಿದ್ರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಕರೆಂಟು ಕೊಡಿ, ಎಣ್ಣೆ ತನ್ನ ಜಾಗಕ್ಕೆ ಇಳೀಬೇಕು.

ಹಳೇ ಫ್ರಿಜ್ಜಲ್ಲಿ ಕೋಳಿಮೊಟ್ಟೆ ಮರಿ ಮಾಡಿಸೋ ಪೆಟ್ಟಿಗೆ ಮಾಡ್ತಾರೆ, ಎರೆಗೊಬ್ಬರದ ತೊಟ್ಟಿ ಮಾಡ್ತಾರೆ. ಐಡಿಯಾ ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಗೋಡೆಗೆ ಡ್ರಿಲ್ ಹಾಕೋಕೆ ಮುಂಚೆ ಗ್ಯಾಸ್ ಎಳೆಯೋ ಯಂತ್ರ ಇರೋ ಮೆಕ್ಯಾನಿಕ್ಕಿಂದ ಗ್ಯಾಸ್ ತೆಗೆಸಿ, ಕಂಪ್ರೆಸರ್ ಬಿಚ್ಚಿಸಿ. ಈಗಿನ ಫ್ರಿಜ್ಜುಗಳಲ್ಲಿ ಎಷ್ಟೋ ಪೈಪು ಗೋಡೆಯ ಒಳಗೇ ಓಡುತ್ತೆ, ಹೊರಗೆ ಕಾಣಲ್ಲ. ಮೆಕ್ಯಾನಿಕ್ಕು ಬೆಸುಗೆ ಕೆಲಸ ಮಾಡೋದಿದ್ರೆ ಅಡುಗೆಮನೆಯಲ್ಲಿ ಬೇಡ, ಫ್ರಿಜ್ಜನ್ನ ಅಂಗಳಕ್ಕೆ ತರಿಸಿ ಮಾಡ್ಸಿ. ಆರ್-600ಎ ಅಂತ ಚೀಟಿ ಇದ್ರೆ ಅವನಿಗೆ ಮೊದಲೇ ತೋರಿಸಿ.

ನಮ್ಮ ಹಿರಿಯರು ನೇಗಿಲು ಮುರಿದ್ರೆ ಅದರ ಕಬ್ಬಿಣ ಗುಳವಾಗ್ತಿತ್ತು, ಮರ ಸೌದೆಯಾಗ್ತಿತ್ತು. ಕೆಟ್ಟ ಸಾಮಾನು ಊರಿಗೆ ಭಾರ ಆಗ್ತಿರಲಿಲ್ಲ. ನಾವು ತಂದಿರೋ ಸಾಮಾನು ಹಂಗಲ್ಲ, ಅದನ್ನ ವಾಪಸ್ ಕಳಿಸೋ ದಾರಿಯನ್ನೂ ನಾವೇ ಮಾಡ್ಕೋಬೇಕು. ಸದ್ಯಕ್ಕೆ ಒಂದೇ ಕೆಲಸ ಕೇಳ್ತೀನಿ. ನಿಮ್ಮ ಮನೆ ಹಿಂದೆ ಹಳೇ ಫ್ರಿಜ್ಜು ಇದ್ರೆ ಇವತ್ತು ಸಂಜೆ ಹಾಲು ಕರೆಯೋಕೆ ಮುಂಚೆ ಅದರ ಬಾಗಿಲು ಬಿಚ್ಚಿ ಬನ್ನಿ. ಪಾನಾ ಇಲ್ಲದಿದ್ರೆ ನನ್ನ ಹತ್ರ ಇದೆ, ಡೇರಿ ಹತ್ರ ಸಿಕ್ಕಾಗ ಕೇಳಿ, ಕೊಡ್ತೀನಿ. ಹಾಗೇ ನಿಮ್ಮಲ್ಲಿ ಎಷ್ಟು ಕೆಟ್ಟ ಫ್ರಿಜ್ಜು ಇವೆ ಅಂತಾನೂ ಹೇಳಿ. ಹದಿನೈದು ಆದ ದಿನ ಗಾಡಿ ವಿಚಾರ ಮಾತಾಡೋಣ.